ಭಯ ಮತ್ತು ಔಚಿತ್ಯ: ಬಳ್ಳಾರಿಯ ಎರಡು ಸಂಗತಿಗಳನ್ನು ಕುರಿತು ಒಂದು ವಿಮರ್ಶೆ

೧

ಭಯೋತ್ಪಾದನೆಗೆ ನಮ್ಮ ಸಮಾಜ ತೋರುವ ಪ್ರತಿಕ್ರಿಯೆಯು ನಿತ್ಯಜೀವನದ ಅಪಾಯಗಳೊಡನೆ ಹೋಲಿಸಿದಾಗ ಪ್ರಮಾಣಬದ್ಧವಾಗಿದೆಯೇ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಎದ್ದಿದೆ. ಇದನ್ನು ಅಂಕಿ-ಅಂಶಗಳ ಪ್ರಶ್ನೆಯೆಂದು ಭಾವಿಸಿ, ಎರಡು ಕಡೆಯ ಸಾವುಗಳನ್ನೂ ಎಣಿಸಿ, ಒಂದನ್ನು ಇನ್ನೊಂದರಿಂದ ಭಾಗಿಸಿ ಉತ್ತರ ಹೇಳಿಬಿಡುವುದು ವಾಡಿಕೆಯಾಗಿದೆ. ಆದರೆ ಪ್ರಮಾಣವೆಂಬುದು ಕೇವಲ ಎಣಿಕೆಯ ಮಾತಲ್ಲ. ಅದು ಯುಕ್ತಾಯುಕ್ತ ವಿವೇಚನೆಯ ಮಾತು. ನಮ್ಮ ಅಲಂಕಾರಶಾಸ್ತ್ರದಲ್ಲಿ ಈ ವಿವೇಚನೆಗೆ ಔಚಿತ್ಯವೆಂದು ಹೆಸರು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ತನ್ನ ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥದಲ್ಲಿ ಅದನ್ನು ಕಾವ್ಯದ ಜೀವಿತವೆಂದೇ ಎಣಿಸಿದನು. ಒಡ್ಯಾಣವನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟುಕೊಂಡವರು ನಗೆಗೀಡಾಗುತ್ತಾರೆ ಎಂಬುದು ಅವನು ಕೊಡುವ ದೃಷ್ಟಾಂತ. ಅಲ್ಲಿಯ ದೋಷ ಒಡವೆ ಹೆಚ್ಚಾಯಿತೆಂಬುದರಲ್ಲಿಲ್ಲ. ಒಡವೆ ತನ್ನ ಎಡೆಯನ್ನು ಬಿಟ್ಟು ಬೇರೆಡೆ ಸೇರಿತೆಂಬುದರಲ್ಲಿದೆ.

ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಕೃತ ವಿಷಯವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ದೃಷ್ಟಾಂತಗಳನ್ನು ನಾವು ದೂರದಿಂದ ತರಬೇಕಾಗಿಲ್ಲ. ಬಳ್ಳಾರಿ ನಗರದಲ್ಲಿಯೇ ೨೦೨೩ರ ಡಿಸೆಂಬರ್ ಮತ್ತು ೨೦೨೪ರ ನವೆಂಬರ್ ತಿಂಗಳುಗಳಲ್ಲಿ, ಎಂದರೆ ಹನ್ನೊಂದು ತಿಂಗಳ ಅಂತರದಲ್ಲಿ, ಎರಡು ಸಂಗತಿಗಳು ನಡೆದವು. ಒಂದು ಭಯೋತ್ಪಾದನೆಗೆ ಸಂಬಂಧಪಟ್ಟುದು, ಇನ್ನೊಂದು ಹೆರಿಗೆಗೆ ಸಂಬಂಧಪಟ್ಟುದು. ಇವೆರಡನ್ನೂ, ಇವುಗಳ ಹಿನ್ನೆಲೆಯಲ್ಲಿ ಸಿರುಗುಪ್ಪ ಮತ್ತು ಕುರುಗೋಡು ಸೀಮೆಗಳ ಅನುಭವವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ನಮ್ಮ ಪ್ರತಿಕ್ರಿಯೆಯ ದೋಷ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆಂದು ನಮ್ಮ ನಂಬಿಕೆ.

೨

ಮೊದಲು ಎಣಿಕೆಯ ವಾದವನ್ನು ಅದರ ಪೂರ್ಣ ಬಲದೊಡನೆ ಮುಂದಿಡುವುದು ನ್ಯಾಯ. ನಮ್ಮ ರಾಜ್ಯದ ರಾಜಧಾನಿಯಲ್ಲಿ ಕಳೆದ ಎರಡು ದಶಕಗಳಲ್ಲಿ ನಡೆದ ಪ್ರಸಿದ್ಧ ಕೃತ್ಯಗಳನ್ನು ನೆನೆಯೋಣ. ೨೦೦೫ರ ಡಿಸೆಂಬರ್ ೨೮ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗುಂಡಿನ ದಾಳಿ ನಡೆದು ಒಬ್ಬ ಹಿರಿಯ ಪ್ರಾಧ್ಯಾಪಕರು ತೀರಿಕೊಂಡರು. ೨೦೦೮ರ ಜುಲೈ ೨೫ರಂದು ಸರಣಿ ಸ್ಫೋಟಗಳಾದವು. ೨೦೧೦ರ ಏಪ್ರಿಲ್ ೧೭ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ೨೦೧೩ರ ಏಪ್ರಿಲ್ ೧೭ರಂದು ಮಲ್ಲೇಶ್ವರದಲ್ಲಿ, ೨೦೧೪ರ ಡಿಸೆಂಬರ್ ೨೮ರಂದು ಚರ್ಚ್ ಸ್ಟ್ರೀಟಿನಲ್ಲಿ, ೨೦೨೪ರ ಮಾರ್ಚ್ ೧ರಂದು ಒಂದು ಉಪಾಹಾರಗೃಹದಲ್ಲಿ ಬಾಂಬುಗಳು ಸಿಡಿದವು. ಗಾಯಗೊಂಡವರು ಅನೇಕರು. ಆದರೆ ಈ ಆರು ಕೃತ್ಯಗಳಲ್ಲಿ ಪ್ರಾಣ ಕಳೆದುಕೊಂಡವರನ್ನೆಲ್ಲ ಒಟ್ಟು ಸೇರಿಸಿದರೂ ಆ ಸಂಖ್ಯೆ ಒಂದಂಕಿಯನ್ನು ಮೀರುವುದಿಲ್ಲ.

ಇದರ ಪಕ್ಕದಲ್ಲಿ ರಸ್ತೆಯ ಲೆಕ್ಕವನ್ನಿಡೋಣ. ಕೇಂದ್ರ ಸರಕಾರದ ಸಾರಿಗೆ ಇಲಾಖೆ ಪ್ರಕಟಿಸಿದಂತೆ ೨೦೨೨ನೆಯ ಇಸವಿಯಲ್ಲಿ ದೇಶದ ರಸ್ತೆಗಳಲ್ಲಿ ೧,೬೮,೪೯೧ ಜನರು ಸತ್ತರು. ಕರ್ನಾಟಕವೊಂದರಲ್ಲಿಯೇ ಆ ವರ್ಷ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ. ಎಂದರೆ ನಮ್ಮ ರಾಜ್ಯದಲ್ಲಿ ದಿನಕ್ಕೆ ಸರಾಸರಿ ಮೂವತ್ತು ಜನ. ಸತ್ತವರಲ್ಲಿ ದ್ವಿಚಕ್ರ ವಾಹನಗಳ ಸವಾರರೇ ಬಹುಭಾಗ. ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ಹೆದ್ದಾರಿಯಲ್ಲಾಗಲಿ, ಕುರುಗೋಡಿನಿಂದ ಬರುವ ದಾರಿಯಲ್ಲಾಗಲಿ, ನಾಟಿಯ ಕಾಲದಲ್ಲಿ ಮುಂಜಾನೆ ನಿಂತು ನೋಡಿದವರಿಗೆ ಕೂಲಿಯ ಹೆಣ್ಣುಮಕ್ಕಳು ಆಟೋಗಳಲ್ಲಿಯೂ ಟ್ರ್ಯಾಕ್ಟರಿನ ಟ್ರೈಲರುಗಳಲ್ಲಿಯೂ ಕಿಕ್ಕಿರಿದು ಹೋಗುವ ದೃಶ್ಯ ಅಪರಿಚಿತವಲ್ಲ. ಅವರು ಇಳಿಯುವ ಗದ್ದೆಯಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ೨೦೦೦ದಿಂದ ೨೦೧೯ರವರೆಗಿನ ಅವಧಿಯನ್ನು ಕುರಿತ ಒಂದು ಪ್ರಸಿದ್ಧ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಹಾವಿನ ಕಡಿತದಿಂದ ವರ್ಷಕ್ಕೆ ಸರಾಸರಿ ೫೮,೦೦೦ ಜನರು ಸತ್ತರು. ಇವರಲ್ಲಿ ಬಹುಮಂದಿ ಹಳ್ಳಿಗರು.

ಇದೇ ವಾದವನ್ನು ಪುಷ್ಟೀಕರಿಸುವ ಇನ್ನೆರಡು ಸಂಗತಿಗಳುಂಟು. ೨೦೧೦ರಲ್ಲಿ ಬಾಂಬು ಸಿಡಿದ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಅಂದು ಯಾರೂ ಸಾಯಲಿಲ್ಲ. ಅದೇ ಬಾಗಿಲುಗಳ ಬಳಿ ೨೦೨೫ರ ಜೂನ್ ೪ರಂದು, ವಿಜಯೋತ್ಸವದ ನೂಕುನುಗ್ಗಲಿನಲ್ಲಿ, ೧೧ ಜನರು ಸತ್ತರು. ಇನ್ನೊಂದು ಅಮೆರಿಕದ ಸಂಗತಿ. ೨೦೦೧ರ ಸೆಪ್ಟೆಂಬರ್ ೧೧ರ ದಾಳಿಯಲ್ಲಿ ಸುಮಾರು ಮೂರು ಸಾವಿರ ಜನ ಸತ್ತ ಮೇಲೆ, ವಿಮಾನಕ್ಕೆ ಹೆದರಿದ ಅನೇಕರು ಕಾರುಗಳಲ್ಲಿ ದೂರಪ್ರಯಾಣ ಮಾಡತೊಡಗಿದರು. ಹೀಗೆ ರಸ್ತೆಗಿಳಿದುದರ ಫಲವಾಗಿ ಮುಂದಿನ ಒಂದು ವರ್ಷದಲ್ಲಿ ಸುಮಾರು ೧,೬೦೦ ಜನ ಹೆಚ್ಚಾಗಿ ಸತ್ತರೆಂದು ಗೆರ್ಡ್ ಗಿಗರೆಂಜರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಭಯವು ತಾನೇ ಒಂದು ಅಪಾಯವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೩

ಇಷ್ಟನ್ನು ಒಪ್ಪಿಯೂ ಎಣಿಕೆಯ ವಾದಕ್ಕೆ ನಾವು ಪೂರ್ಣವಾಗಿ ಶರಣಾಗಲಾರೆವು. ಅದಕ್ಕೆ ಕಾರಣಗಳು ಮೂರು.

ಮೊದಲನೆಯದು ಉದ್ದೇಶದ ಪ್ರಶ್ನೆ. ಹಾವಿಗೆ ಹಗೆಯಿಲ್ಲ. ತಾನು ಕಚ್ಚಿದ ಸುದ್ದಿಯನ್ನು ಕೇಳಿ, ಮುಂದಿನ ಸಲ ಇನ್ನೂ ಹೆಚ್ಚು ಜನರಿರುವ ಗದ್ದೆಯನ್ನು ಅದು ಹುಡುಕಿಕೊಂಡು ಹೋಗುವುದಿಲ್ಲ. ಭಯೋತ್ಪಾದಕನಾದರೋ ನಮ್ಮ ಎಚ್ಚರವನ್ನು ಅಭ್ಯಾಸಮಾಡಿ, ಅದು ಸಡಿಲವಾದ ಕಡೆಯನ್ನು ಆರಿಸಿಕೊಳ್ಳುತ್ತಾನೆ. ಆದುದರಿಂದ ಹಿಂದಿನ ವರ್ಷದ ಸಾವುಗಳ ಎಣಿಕೆ ಮುಂದಿನ ವರ್ಷಕ್ಕೆ ಭರವಸೆಯ ಅಳತೆಗೋಲಾಗಲಾರದು. ೨೦೦೮ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ನಡೆದ ಒಂದೇ ದಾಳಿಯಲ್ಲಿ ೧೬೬ ಜನರು ಹತರಾದರು. ೨೦೨೫ರ ಏಪ್ರಿಲ್ ೨೨ರಂದು ಪಹಲ್ಗಾಮಿನಲ್ಲಿ ೨೬ ಜನರು ಹತರಾದರು, ಅವರಲ್ಲಿ ಕನ್ನಡಿಗರೂ ಇದ್ದರು. ರಸ್ತೆಯ ಸಾವುಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಕಡಿಮೆ ಒಂದೇ ಗತಿಯಲ್ಲಿ ಸಾಗಿದರೆ, ಇವು ಹಠಾತ್ತಾಗಿ ಏರುವ ಸ್ವಭಾವದವು.

ಎರಡನೆಯದು ಕಾರ್ಯಕಾರಣದ ಪ್ರಶ್ನೆ. ಭಯೋತ್ಪಾದನೆಯಿಂದ ಸತ್ತವರ ಸಂಖ್ಯೆ ಕಡಮೆಯಿದೆಯೆಂದು ಹೇಳುವಾಗ, ಅದು ಎಚ್ಚರದಿಂದಲೇ ಕಡಮೆಯಾಗಿರಬಹುದೆಂಬುದನ್ನು ನಾವು ಮರೆಯಬಾರದು. ಕಟ್ಟೆ ಭದ್ರವಾಗಿರುವುದರಿಂದ ಊರಿಗೆ ನೀರು ನುಗ್ಗಿಲ್ಲವಾದರೆ, ನೀರು ನುಗ್ಗಿಲ್ಲವೆಂಬ ಕಾರಣಕ್ಕೆ ಕಟ್ಟೆ ಬೇಡವೆನ್ನುವುದು ತರ್ಕವಲ್ಲ.

ಮೂರನೆಯದು ವಿಶ್ವಾಸದ ಪ್ರಶ್ನೆ. ಸಂತೆ, ನಿಲ್ದಾಣ, ಹೋಟಲು, ದೇವಸ್ಥಾನ—ಇಲ್ಲೆಲ್ಲ ಒಬ್ಬರ ಪಕ್ಕದಲ್ಲಿ ಒಬ್ಬರು ನಿರಾತಂಕವಾಗಿ ನಿಲ್ಲುವುದೇ ನಾಗರಿಕ ಜೀವನದ ತಳಹದಿ. ಭಯೋತ್ಪಾದನೆ ಪ್ರಾಣವನ್ನು ಮಾತ್ರವಲ್ಲದೆ ಈ ತಳಹದಿಯನ್ನೂ ಹೊಡೆಯುತ್ತದೆ. ಸತ್ತವರ ಎಣಿಕೆಯಲ್ಲಿ ಈ ನಷ್ಟ ಸೇರುವುದಿಲ್ಲ.

ಹೀಗಿರಲು, ‘ರಸ್ತೆಯಲ್ಲಿ ಇಷ್ಟು ಜನ, ಬಾಂಬಿನಿಂದ ಅಷ್ಟು ಜನ; ಆದುದರಿಂದ ನಮ್ಮ ಭಯ ಮೂಢಭಯ’ ಎಂಬ ನಿಗಮನ ಅವಸರದ್ದೆನ್ನಬೇಕಾಗುತ್ತದೆ. ಆದರೆ ಪ್ರಶ್ನೆ ಇಲ್ಲಿಗೆ ಮುಗಿಯಲಿಲ್ಲ. ಭಯೋತ್ಪಾದನೆಗೆ ನಾವು ಕೊಡುತ್ತಿರುವುದು ಅತಿಯಲ್ಲವೆಂದು ಸಿದ್ಧವಾದರೂ, ಇತರ ಅಪಾಯಗಳಿಗೆ ನಾವು ಏನನ್ನು ಕೊಡದೆ ಉಳಿಸಿಕೊಂಡಿದ್ದೇವೆ ಎಂಬುದನ್ನು ವಿಚಾರಿಸಬೇಕು. ಅದಕ್ಕಾಗಿ ಬಳ್ಳಾರಿಯ ಎರಡು ಸಂಗತಿಗಳಿಗೆ ಬರೋಣ.

೪

೨೦೨೩ರ ಡಿಸೆಂಬರ್ ೧೮ರಂದು ರಾಷ್ಟ್ರೀಯ ತನಿಖಾ ಸಂಸ್ಥೆಯವರು ಕರ್ನಾಟಕ, ಮಹಾರಾಷ್ಟ್ರ, ಝಾರ್ಖಂಡ್ ಮತ್ತು ದೆಹಲಿಗಳ ೧೯ ಸ್ಥಳಗಳಲ್ಲಿ ಏಕಕಾಲಕ್ಕೆ ಶೋಧನೆ ನಡೆಸಿ ಎಂಟು ಜನರನ್ನು ಬಂಧಿಸಿದರು. ಬಳ್ಳಾರಿಯನ್ನು ಕೇಂದ್ರವಾಗಿಟ್ಟುಕೊಂಡ ಒಂದು ಗುಂಪು ಸ್ಫೋಟಗಳನ್ನು ನಡೆಸಲು ಸಿದ್ಧತೆ ಮಾಡುತ್ತಿತ್ತೆಂದೂ, ಗಂಧಕ, ಪೊಟ್ಯಾಸಿಯಂ ನೈಟ್ರೇಟ್, ಇದ್ದಿಲು ಮುಂತಾದ ಸಾಮಗ್ರಿಗಳು ದೊರೆತುವೆಂದೂ ಸಂಸ್ಥೆ ಪ್ರಕಟಿಸಿತು. ಆರೋಪದ ನಿಜಾನಿಜಗಳನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಅದು ನಮ್ಮ ವಿಷಯವಲ್ಲ. ನಮ್ಮ ಗಮನಕ್ಕೆ ಬರಬೇಕಾದುದು ಇಷ್ಟು: ಆ ದಿನದವರೆಗೆ ಯಾವ ಸ್ಫೋಟವೂ ನಡೆದಿರಲಿಲ್ಲ. ಇದ್ದುದು ಸಂಶಯ. ಆ ಸಂಶಯವನ್ನು ನಾಲ್ಕು ಪ್ರದೇಶಗಳ ಉದ್ದಕ್ಕೂ ಬೆನ್ನಟ್ಟುವ ಅಧಿಕಾರ, ಹಣ, ಸಿಬ್ಬಂದಿ ಎಲ್ಲವೂ ಸಿದ್ಧವಾಗಿದ್ದುವು. ಆ ಸಂಸ್ಥೆಯೇ ಮುಂಬಯಿಯ ದಾಳಿಯಾದ ಕೆಲವೇ ವಾರಗಳಲ್ಲಿ, ೨೦೦೮ರ ಡಿಸೆಂಬರಿನಲ್ಲಿ ಅಂಗೀಕೃತವಾದ ಶಾಸನದಿಂದ ಹುಟ್ಟಿದುದು. ಮುಂದೆ ೨೦೨೪ರ ಮಾರ್ಚಿಯಲ್ಲಿ ಬೆಂಗಳೂರಿನ ಉಪಾಹಾರಗೃಹದ ಸ್ಫೋಟದ ತನಿಖೆಯೂ ಬಳ್ಳಾರಿಯ ಬಸ್ ನಿಲ್ದಾಣದವರೆಗೆ ಬಂದಿತು. ಸುಳಿವು ಕೊಟ್ಟವರಿಗೆ ಹತ್ತು ಲಕ್ಷ ರೂಪಾಯಿಗಳ ಬಹುಮಾನ ಘೋಷಿತವಾಯಿತು. ಆರು ವಾರಗಳಲ್ಲಿ ಪಶ್ಚಿಮ ಬಂಗಾಳದಲ್ಲಿ ಇಬ್ಬರ ಬಂಧನವಾಯಿತು.

ಇನ್ನು ಎರಡನೆಯ ಸಂಗತಿ. ೨೦೨೪ರ ನವೆಂಬರ್ ೯ರಿಂದ ೧೧ರವರೆಗೆ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯ ಮೂಲಕ ಹೆರಿಗೆಯಾದ ಹಲವು ಬಾಣಂತಿಯರು ಅಸ್ವಸ್ಥರಾದರು. ಅವರಲ್ಲಿ ಐವರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನ್ ದ್ರಾವಣದ ಮೇಲೆ ಸಂಶಯ ಬಿದ್ದಿತು. ಸರಕಾರ ಆ ದ್ರಾವಣದ ಬಳಕೆಯನ್ನು ನಿಲ್ಲಿಸಿತು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತಿನಲ್ಲಿಟ್ಟಿತು. ರಾಜ್ಯದ ತಾಯಂದಿರ ಸಾವುಗಳೆಲ್ಲವನ್ನೂ ಪರಿಶೀಲಿಸಲು ಆಜ್ಞೆ ಮಾಡಿತು. ಆ ಪರಿಶೀಲನೆಯ ಫಲಿತಾಂಶ ೨೦೨೫ರಲ್ಲಿ ಪ್ರಕಟವಾಯಿತು. ೨೦೨೪ರ ಏಪ್ರಿಲಿನಿಂದ ಡಿಸೆಂಬರಿನವರೆಗಿನ ಒಂಬತ್ತು ತಿಂಗಳಲ್ಲಿ ರಾಜ್ಯದಲ್ಲಿ ಸತ್ತ ತಾಯಂದಿರು ೪೬೪. ಅವುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಸಾವುಗಳು ತಪ್ಪಿಸಬಹುದಾಗಿದ್ದವು.

ಸಾವುಗಳಾದ ಮೇಲೆ ಸರಕಾರ ಸುಮ್ಮನೆ ಕುಳಿತಿತೆಂದು ಹೇಳುವುದು ಅನ್ಯಾಯವಾದೀತು. ಆದರೆ ವಾಚಕರು ಗಮನಿಸಬೇಕಾದ ಅಂಶ ಬೇರೊಂದಿದೆ. ಅದೇ ತಯಾರಕರು ಒದಗಿಸಿದ ದ್ರಾವಣದ ಕೆಲವು ಬ್ಯಾಚುಗಳ ಗುಣಮಟ್ಟದ ಮೇಲೆ ಅದೇ ವರ್ಷ, ಬಳ್ಳಾರಿಯ ಸಾವುಗಳಿಗೆ ತಿಂಗಳುಗಳಷ್ಟು ಮುಂಚೆಯೇ, ಸಂಶಯ ಹುಟ್ಟಿತ್ತು. ಬಳಕೆಯನ್ನು ತಡೆಹಿಡಿದದ್ದೂ ಉಂಟು. ಮತ್ತೆ ಪರೀಕ್ಷೆಯ ವರದಿಗಳ ಆಧಾರದ ಮೇಲೆ ಕೆಲವು ಬ್ಯಾಚುಗಳಿಗೆ ದಾರಿ ತೆರೆದದ್ದೂ ಉಂಟು. ಹೀಗೆ ಸಂಶಯವು ಎರಡು ಸಂಗತಿಗಳಲ್ಲಿಯೂ ಮುಂಚಿತವಾಗಿಯೇ ಇತ್ತು. ಒಂದರಲ್ಲಿ ಅದು ಕೃತ್ಯಕ್ಕಿಂತ ಮುಂಚೆ ಬಾಗಿಲು ತಟ್ಟಿತು. ಇನ್ನೊಂದರಲ್ಲಿ ಅದು ಕಡತದಿಂದ ಕಡತಕ್ಕೆ ಸಾಗುತ್ತಿದ್ದಂತೆ, ಬಾಟಲಿಗಳು ದಾಸ್ತಾನಿನಿಂದ ವಾರ್ಡಿಗೆ ಸಾಗಿದುವು.

ನಮ್ಮ ಪ್ರತಿಕ್ರಿಯೆಯ ಅಸಮತೆ ಇಲ್ಲಿದೆ. ಖರ್ಚಿನ ಮೊತ್ತದಲ್ಲಿಯೋ ಪತ್ರಿಕೆಯ ಅಂಕಣಗಳ ಉದ್ದದಲ್ಲಿಯೋ ಅದನ್ನು ಅಳೆಯುವುದಕ್ಕಿಂತ, ‘ಸಂಶಯ ಬಂದಾಗ ಏನು ಮಾಡುತ್ತೇವೆ’ ಎಂಬ ಒಂದೇ ಪ್ರಶ್ನೆಯಿಂದ ಅಳೆಯುವುದು ಹೆಚ್ಚು ಸಮರ್ಪಕ. ಭಯೋತ್ಪಾದನೆಯ ವಿಷಯದಲ್ಲಿ ಸಂಶಯವೇ ಕ್ರಿಯೆಗೆ ಸಾಕಷ್ಟು ಕಾರಣವೆಂದು ನಾವು ಒಪ್ಪಿದ್ದೇವೆ. ನಿತ್ಯದ ಅಪಾಯಗಳ ವಿಷಯದಲ್ಲಿ ಶವವೇ ಮೊದಲ ಸಾಕ್ಷಿಯಾಗಬೇಕೆಂದು ನಾವು ಕಾಯುತ್ತೇವೆ.

೫

ಈ ಭೇದಕ್ಕೆ ಕಾರಣವೇನು? ಆಡಳಿತದ ಲೋಪವೆಂದು ಹೇಳಿ ಬಿಡುವುದು ಸುಲಭ. ಆದರೆ ಆಡಳಿತವು ಸಮಾಜದ ಭಾವವನ್ನು ಬಹುಮಟ್ಟಿಗೆ ಹಿಂಬಾಲಿಸುತ್ತದೆ. ಸಮಾಜದ ಭಾವವಾದರೋ ಅದರ ಭಾಷೆಯಲ್ಲಿ ಕಾಣುತ್ತದೆ. ಭಾಷೆಯನ್ನೂ ಸಾಹಿತ್ಯವನ್ನೂ ಓದುವವರಿಗೆ ಇಲ್ಲಿ ಹೇಳತಕ್ಕ ಮಾತು ಸ್ವಲ್ಪ ಇದೆ.

ರಸಸಿದ್ಧಾಂತದ ಪರಿಭಾಷೆಯಲ್ಲಿ ಭಯವು ಒಂದು ಸ್ಥಾಯಿಭಾವ. ಭಯಾನಕ ರಸವಾಗಿ ಅದು ಪರಿಣಮಿಸಬೇಕಾದರೆ ಆಲಂಬನ ವಿಭಾವ ಬೇಕು, ಉದ್ದೀಪನ ವಿಭಾವ ಬೇಕು. ಭಯೋತ್ಪಾದನೆಯಲ್ಲಿ ಇವೆಲ್ಲವೂ ತುಂಬಿ ಬರುತ್ತವೆ. ಆಲಂಬನವಾಗಿ ಒಬ್ಬ ಮನುಷ್ಯನಿದ್ದಾನೆ, ಅವನಿಗೊಂದು ಮುಖವಿದೆ, ಟೋಪಿ ಹಾಕಿಕೊಂಡು ಬಸ್ಸಿನಿಂದ ಇಳಿಯುವ ಅವನ ಚಿತ್ರವಿದೆ. ಉದ್ದೀಪನವಾಗಿ ಸದ್ದಿದೆ, ಹೊಗೆಯಿದೆ, ಒಡೆದ ಗಾಜಿದೆ. ‘ಭಯೋತ್ಪಾದನೆ’ ಎಂಬ ನಮ್ಮ ಪದವೇ ಕೃತ್ಯಕ್ಕೆ ಅದರ ಆಯುಧದ ಹೆಸರನ್ನಾಗಲಿ ಹತರಾದವರ ಹೆಸರನ್ನಾಗಲಿ ಕೊಡದೆ, ನೋಡುವವರ ಮನಸ್ಸಿನಲ್ಲಿ ಹುಟ್ಟುವ ಭಾವದ ಹೆಸರನ್ನು ಕೊಟ್ಟಿದೆ. ಪ್ರೇಕ್ಷಕರಿಲ್ಲದೆ ಆ ಕೃತ್ಯ ಪೂರ್ಣವಾಗುವುದಿಲ್ಲವೆಂಬ ಸತ್ಯ ಆ ಪದದೊಳಗೇ ಅಡಗಿದೆ.

ಬಾಣಂತಿಯ ಸಾವಿಗಾದರೋ ಇಂಥ ಆಲಂಬನವಿಲ್ಲ. ಬಾಟಲಿಗೆ ಮುಖವಿಲ್ಲ, ಹದಗೆಟ್ಟ ರಸ್ತೆಗೆ, ದೀಪವಿಲ್ಲದೆ ನಿಂತ ಟ್ರ್ಯಾಕ್ಟರಿಗೆ, ಗದ್ದೆಯ ಬದುವಿನ ಬಿಲಕ್ಕೆ ಮುಖವಿಲ್ಲ. ಆದುದರಿಂದ ಅಲ್ಲಿ ಭಯ ಹುಟ್ಟುವುದಿಲ್ಲ, ಶೋಕ ಹುಟ್ಟುತ್ತದೆ; ರಸ ಕರುಣವಾಗುತ್ತದೆ. ಶೋಕವು ನಡೆದುಹೋದುದರ ಕಡೆ ಮುಖಮಾಡಿರುತ್ತದೆ, ಭಯವು ನಡೆಯಬಹುದಾದುದರ ಕಡೆ. ಸತ್ತವಳಿಗಾಗಿ ಅಳುವ ಸಮಾಜ, ನಾಳೆ ಅದೇ ಮಂಚದ ಮೇಲೆ ಮಲಗಲಿರುವವಳಿಗಾಗಿ ಹೆದರುವುದಿಲ್ಲ. ಪರಿಹಾರಧನ ಶೋಕದ ಫಲ. ಪೂರ್ವಪರೀಕ್ಷೆ ಭಯದ ಫಲ. ನಿತ್ಯದ ಅಪಾಯಗಳಲ್ಲಿ ನಮಗೆ ಮೊದಲನೆಯದು ಬೇಗ ಒದಗುತ್ತದೆ, ಎರಡನೆಯದು ತಡವಾಗುತ್ತದೆ.

ನಮ್ಮ ಆಡುಮಾತೂ ಈ ಶೋಕಕ್ಕೆ ಒತ್ತಾಸೆಯಾಗಿದೆ. ‘ಆಯುಷ್ಯ ಮುಗಿಯಿತು’, ‘ಋಣ ತೀರಿತು’, ‘ಹಣೆಬರಹ’, ‘ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು’—ಇವು ದುಃಖಿತರಿಗೆ ಸಾಂತ್ವನ ಕೊಡುವ ಮಾತುಗಳೆಂಬುದರಲ್ಲಿ ಸಂದೇಹವಿಲ್ಲ. ಸಾಂತ್ವನವನ್ನು ನಾವು ಹೀಗಳೆಯುವುದಿಲ್ಲ. ಆದರೆ ಮನೆಯ ಅಂಗಳದಲ್ಲಿ ಸಾಂತ್ವನವಾದ ಮಾತು ಕಚೇರಿಯ ಮೇಜಿನ ಮೇಲೆ ಸಮಜಾಯಿಷಿಯಾಗುತ್ತದೆ. ‘ಆಕಸ್ಮಿಕ’ ಎಂಬ ಶಬ್ದವನ್ನೇ ನೋಡಬಹುದು. ಯಾವುದಕ್ಕೆ ಕಾರಣವನ್ನು ಹೇಳಲಾಗದೋ ಅದು ಆಕಸ್ಮಿಕ. ವರ್ಷಕ್ಕೆ ಒಂದು ಲಕ್ಷದ ಅರವತ್ತು ಸಾವಿರಕ್ಕೂ ಮೀರಿ, ವರ್ಷ ವರ್ಷವೂ ಪುನರಾವರ್ತನೆಯಾಗುವ ಒಂದು ಸಂಗತಿಯನ್ನು ಈ ಶಬ್ದದಿಂದ ಕರೆಯುವುದು ಶಬ್ದದ ಅಪಪ್ರಯೋಗವೆನ್ನದೆ ವಿಧಿಯಿಲ್ಲ.

ಈ ಮನೋಧರ್ಮ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನ ಸೀಮೆಯಲ್ಲಿ, ಕನ್ನಡ ನಾಡಿನ ಇತರ ಎಡೆಗಳಲ್ಲಿರುವಂತೆ, ಯಾವ ಸಾವು ಕಲ್ಲಿನ ಮೇಲೆ ಏರುತ್ತಿತ್ತು? ತುರುಗೊಳ್ಳುವ ಹಗೆಗಳೊಡನೆ ಕಾದಿ ಮಡಿದವನದು, ಊರಳಿವಿನಲ್ಲಿ ಹೋರಾಡಿ ಬಿದ್ದವನದು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು, ಮೇಲಿನದರಲ್ಲಿ ದೇವಸನ್ನಿಧಿ. ಹಗೆಯಿಂದ ಬಂದ ಸಾವಿಗೆ ಹೀಗೆ ಒಂದು ಕಥನರೂಪ ದೊರೆಯಿತು. ಸತ್ತವನ ಹೆಸರೂ ಕೊಂದವರ ಕುರುಹೂ ಉಳಿದುವು. ಹೆರಿಗೆಯಲ್ಲಿ, ಜ್ವರದಲ್ಲಿ, ಹಸಿವಿನಲ್ಲಿ ಬಂದ ಸಾವಿಗೆ ಆ ಮೂರು ಪಟ್ಟಿಕೆಗಳಲ್ಲಿ ಎಡೆಯಿರಲಿಲ್ಲ. ಇಂದಿನ ಪತ್ರಿಕೆಯ ಮೊದಲ ಪುಟವೂ ವೀರಗಲ್ಲಿನ ವಿನ್ಯಾಸವನ್ನೇ ಬಹುಮಟ್ಟಿಗೆ ಅನುಸರಿಸುತ್ತದೆ: ಹಗೆ, ಹೋರಾಟ, ಗೌರವ. ಈ ವಿನ್ಯಾಸಕ್ಕೆ ಒಗ್ಗದ ಸಾವು ಒಳಪುಟದ ನಾಲ್ಕು ಸಾಲಾಗುತ್ತದೆ.

೬

ಹಾಗಾದರೆ ಮುಖವಿಲ್ಲದ ಅಪಾಯಕ್ಕೆ ಸಮಾಜ ಹೆದರಲಾರದೇ? ಹೆದರಬಲ್ಲದೆಂಬುದಕ್ಕೆ ಬಳ್ಳಾರಿಯ ಚರಿತ್ರೆಯೇ ಪ್ರಮಾಣ. ಹೆದರದಿದ್ದಾಗ ಏನಾಯಿತೆಂಬುದಕ್ಕೂ ಅದೇ ಪ್ರಮಾಣ.

೧೮೭೬-೭೮ರಲ್ಲಿ, ಜನ ಇಂದಿಗೂ ಧಾತು ಈಶ್ವರ ಸಂವತ್ಸರಗಳ ಬರವೆಂದು ಹೇಳುವ ಕ್ಷಾಮದಲ್ಲಿ, ದಕ್ಷಿಣ ಭಾರತದಲ್ಲಿ ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚು. ಮದರಾಸು ಆಧಿಪತ್ಯದಲ್ಲಿ ಅತ್ಯಂತ ಘೋರವಾಗಿ ಪೀಡಿತವಾದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ೧೮೭೭ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್‌ರು ಪರಿಹಾರಕಾಮಗಾರಿಯ ಕೂಲಿಯ ಧಾನ್ಯವನ್ನು ದಿನಕ್ಕೆ ಒಂದು ಪೌಂಡಿಗೆ ಇಳಿಸಿದರು, ಆರೋಗ್ಯಾಧಿಕಾರಿಯಾಗಿದ್ದ ಡಾ. ಕಾರ್ನಿಷ್‌ರು ಅದನ್ನು ಪ್ರತಿಭಟಿಸಿದರು. ಕ್ಷಾಮ ಕೊನೆಗಾಣುತ್ತಿದ್ದಂತೆ ೧೮೭೮ರಲ್ಲಿ, ರಷ್ಯದ ಮೇಲಣ ಸಂಶಯದಿಂದ ಪ್ರೇರಿತವಾದ ಆಫ್ಘನ್ ಯುದ್ಧ ಪ್ರಾರಂಭವಾಯಿತು. ಮುಂದಿನ ಕ್ಷಾಮಗಳಿಗೆಂದು ಹೊಸ ತೆರಿಗೆಗಳಿಂದ ಎತ್ತಿಟ್ಟ ನಿಧಿ ಆ ಯುದ್ಧದ ಖರ್ಚಿನ ಒತ್ತಡದಲ್ಲಿ ತನ್ನ ಉದ್ದೇಶದಿಂದ ಕದಲಿತು. ದೂರದ ಗಡಿಯಾಚೆಯ ಹಗೆಯನ್ನು ಕುರಿತ ಸಂಶಯಕ್ಕೆ ಸೈನ್ಯ ಹೊರಟಿತು. ಕಣ್ಣೆದುರಿನ ಬರದ ಖಚಿತಜ್ಞಾನಕ್ಕೆ ಒಂದು ಪೌಂಡು ಧಾನ್ಯ ದೊರೆಯಿತು. ಈ ಲೇಖನದಲ್ಲಿ ನಾವು ಹೇಳುತ್ತಿರುವ ಅನೌಚಿತ್ಯಕ್ಕೆ ಇದು ಹಳೆಯ ಮಾದರಿ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ತುಂಗಭದ್ರೆಗೆ ಅಡ್ಡಲಾಗಿ ಕಟ್ಟೆ ಕಟ್ಟಿ ಈ ಬರದ ಸೀಮೆಗೆ ನೀರು ತರುವ ಯೋಚನೆಯನ್ನು ಸರ್ ಆರ್ಥರ್ ಕಾಟನ್‌ರು ೧೮೬೦ರಲ್ಲಿಯೇ ಮುಂದಿಟ್ಟಿದ್ದರು. ೧೯೪೫ರ ಫೆಬ್ರುವರಿ ೨೮ರಂದು ಅಡಿಗಲ್ಲು ಬಿದ್ದಿತು. ೧೯೫೩ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಈ ಕರಿನೆಲಕ್ಕೆ ನೀರಾವರಿ ಹೊಂದುವುದೇ ಎಂಬ ಪರೀಕ್ಷೆಯೂ ಸಿರುಗುಪ್ಪದ ಕೃಷಿ ಸಂಶೋಧನ ಕ್ಷೇತ್ರದಲ್ಲಿ ಅಣೆಕಟ್ಟಿಗೆ ಮುಂಚೆಯೇ ನಡೆದಿತ್ತು. ಇಂದು ಸಿರುಗುಪ್ಪವನ್ನು ಬತ್ತದ ಕಣಜವೆಂದು ಕರೆಯುವಾಗ, ಅದು ಹಸಿವಿನ ಭಯಕ್ಕೆ ಸಮಾಜ ಕೊಟ್ಟ ಪ್ರಮಾಣಬದ್ಧವಾದ ಉತ್ತರವೆಂಬುದನ್ನು ನಾವು ನೆನೆಯುವುದಿಲ್ಲ. ಆ ಉತ್ತರಕ್ಕೆ ತೊಂಬತ್ತಕ್ಕೂ ಹೆಚ್ಚು ವರ್ಷಗಳು ಬೇಕಾದುವು. ಮಧ್ಯದಲ್ಲಿ ಅಸಂಖ್ಯಾತ ಜನ ಸತ್ತರು. ಆದರೂ ಮುಖವಿಲ್ಲದ ಶತ್ರುವಿನ ಎದುರಿಗೆ ಕಟ್ಟಿದ ಕೋಟೆ ಅದೆಂಬುದು ನಿಜ.

ಅದೇ ಕಟ್ಟೆಯಲ್ಲಿ ೨೦೨೪ರ ಆಗಸ್ಟ್ ೧೦ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಣಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ಕಂಪ್ಲಿ, ಸಿರುಗುಪ್ಪಗಳ ನದೀತೀರಕ್ಕೆ ಎಚ್ಚರಿಕೆ ಹೋಯಿತು. ತಜ್ಞರು ಬಂದರು, ಒಂದು ವಾರದ ಒಳಹೊರಗೆ ತಾತ್ಕಾಲಿಕವಾದ ಅಡ್ಡಹಲಗೆಗಳನ್ನು ಇಳಿಸಿ ನೀರನ್ನು ತಡೆದರು. ತರುವಾಯ ಆ ಒಂದು ಗೇಟಿನ ಮಾತು ಅಲ್ಲಿಗೇ ಉಳಿಯದೆ, ಇರುವ ಮೂವತ್ತಮೂರು ಗೇಟುಗಳನ್ನೂ ಬದಲಾಯಿಸಬೇಕೆಂಬ ಸಲಹೆ ಬಂದಿತು. ಒಂದು ಸರಪಣಿ ಹೋದಾಗ ಉಳಿದ ಸರಪಣಿಗಳ ಮೇಲೆಲ್ಲ ಸಂಶಯಪಡುವುದು—ಇದೇ ಯುಕ್ತವಾದ ಭಯ. ಒಂದು ಬಾಟಲಿಯ ಮೇಲೆ ಸಂಶಯ ಬಂದಾಗಲೂ ಇದೇ ಬುದ್ಧಿ ಕೆಲಸ ಮಾಡಬೇಕಾಗಿತ್ತು.

ಇನ್ನೊಂದು ಚಿಕ್ಕ ನಿದರ್ಶನವನ್ನೂ ಇಲ್ಲಿ ಹೇಳಬಹುದು. ೨೦೨೪ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಇದರಿಂದ ಒಂದು ಹಾವೂ ಕಡಮೆಯಾಗುವುದಿಲ್ಲ. ಆದರೆ ಎಲ್ಲಿ, ಯಾವ ತಿಂಗಳಲ್ಲಿ, ಯಾರಿಗೆ ಕಡಿತವಾಯಿತು, ಪ್ರತಿವಿಷ ಎಷ್ಟು ಹೊತ್ತಿಗೆ ದೊರೆಯಿತು ಎಂಬುದು ಬರವಣಿಗೆಗೆ ಬರುತ್ತದೆ. ಹಣೆಬರಹವಾಗಿದ್ದುದು ದಾಖಲೆಯಾಗುತ್ತದೆ. ಮುಂದಿನ ಕ್ರಮಕ್ಕೆ ಇದೇ ಮೊದಲ ಮೆಟ್ಟಿಲು.

೭

ಈಗ ಕ್ಷೇಮೇಂದ್ರನ ದೃಷ್ಟಾಂತಕ್ಕೆ ಹಿಂದಿರುಗಬಹುದು. ಸಂಶಯವೆಂಬುದು ಸಮಾಜದ ಒಂದು ಒಡವೆ, ಅಥವಾ ಆಯುಧವೆನ್ನಿ. ಅದನ್ನು ತೊಡಿಸುವ ಎಡೆಗಳು ಎರಡು: ಮನುಷ್ಯರು ಮತ್ತು ವಸ್ತುಗಳು. ಮನುಷ್ಯನ ಮೇಲೆ ಸಂಶಯ ತಪ್ಪಾಗಿ ಬಿದ್ದರೆ ಆಗುವ ಗಾಯ ಸಾಮಾನ್ಯವಾದುದಲ್ಲ. ೨೦೦೭ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಓದಿದ ಒಬ್ಬ ತರುಣ ವೈದ್ಯರನ್ನು ಆಸ್ಟ್ರೇಲಿಯದಲ್ಲಿ ಬಂಧಿಸಿದರು. ಅದೇ ತಿಂಗಳು ಆರೋಪವನ್ನು ಹಿಂದಕ್ಕೆ ತೆಗೆದುಕೊಂಡರು. ೨೦೧೦ರಲ್ಲಿ ಅಲ್ಲಿಯ ಸರಕಾರ ಅವರಿಗೆ ಪರಿಹಾರ ಕೊಟ್ಟಿತು. ೨೦೧೨ರ ಆಗಸ್ಟಿನಲ್ಲಿ ಬಂಧಿತರಾದ ಬೆಂಗಳೂರಿನ ಒಬ್ಬ ತರುಣ ಪತ್ರಕರ್ತರು ಸಾಕ್ಷ್ಯವಿಲ್ಲವೆಂದು ಸುಮಾರು ಆರು ತಿಂಗಳ ಸೆರೆವಾಸದ ಮೇಲೆ ಬಿಡುಗಡೆಯಾದರು. ಇಂಥ ಪ್ರಕರಣಗಳಲ್ಲಿ ಗಾಯ ಒಬ್ಬ ವ್ಯಕ್ತಿಗೆ ನಿಲ್ಲುವುದೂ ಇಲ್ಲ. ಒಂದು ಬೀದಿಯ ಹೆಸರಿಗೆ, ಒಂದು ಸಮುದಾಯದ ಹೆಸರಿಗೆ ಅದು ಅಂಟಿಕೊಳ್ಳುತ್ತದೆ. ಬಾಡಿಗೆಗೆ ಮನೆ ಹುಡುಕುವವನಿಗೂ ಕೆಲಸಕ್ಕೆ ಅರ್ಜಿ ಹಾಕುವವನಿಗೂ ಅದು ತಗಲುತ್ತದೆ. ಹೀಗಾದಾಗ ಸಮಾಜದ ಪರಸ್ಪರ ವಿಶ್ವಾಸವನ್ನು ಒಡೆಯಬೇಕೆಂಬ ಭಯೋತ್ಪಾದಕನ ಉದ್ದೇಶ, ಅವನ ಬಾಂಬು ಸಿಡಿಯದೆಯೇ ಸಾಧಿತವಾಗುತ್ತದೆ.

ವಸ್ತುವಿನ ಮೇಲೆ ಸಂಶಯಪಟ್ಟರೆ ಇಂಥ ಯಾವ ಅನ್ಯಾಯವೂ ಇಲ್ಲ. ಸಂಶಯಿತವಾದ ಬಾಟಲಿಯನ್ನು ಒಂದು ತಿಂಗಳು ಬೀಗ ಹಾಕಿಟ್ಟರೆ ಬಾಟಲಿಯ ಮಾನ ಹೋಗುವುದಿಲ್ಲ. ಸರಪಣಿಯನ್ನು ಬಿಚ್ಚಿ ಪರೀಕ್ಷಿಸಿದರೆ ಸರಪಣಿಯ ಮನೆಯವರು ಊರು ಬಿಡಬೇಕಾಗಿಲ್ಲ. ತಯಾರಕರಿಗೆ ಸ್ವಲ್ಪ ನಷ್ಟವಾಗಬಹುದು. ಆ ನಷ್ಟವನ್ನು ಹಣದಲ್ಲಿ ತುಂಬಿಕೊಡಬಹುದು. ಹೀಗಿದ್ದರೂ ನಾವು ಮನುಷ್ಯರ ವಿಷಯದಲ್ಲಿ ಸಂಶಯಕ್ಕೆ ಅವಸರಪಡುತ್ತೇವೆ, ವಸ್ತುಗಳ ವಿಷಯದಲ್ಲಿ ಪುರಾವೆಗಾಗಿ ಕಾಯುತ್ತೇವೆ. ಎಲ್ಲಿ ತಪ್ಪಾದರೆ ತಿದ್ದಿಕೊಳ್ಳಲಾಗದೋ ಅಲ್ಲಿ ತ್ವರೆ, ಎಲ್ಲಿ ತಪ್ಪಾದರೂ ಹೆಚ್ಚು ಹಾನಿಯಿಲ್ಲವೋ ಅಲ್ಲಿ ನಿಧಾನ. ಒಡ್ಯಾಣ ಕೊರಳಿಗೆ ಬಂದುದೆಂದರೆ ಇದೇ.

ಆದುದರಿಂದ ಭಯೋತ್ಪಾದನೆಯ ತಡೆಗೆಂದು ಮಾಡುವ ವೆಚ್ಚವನ್ನು ಕಡಿದು ಆಸ್ಪತ್ರೆಗೆ ಕೊಡಬೇಕೆಂಬ ಸರಳಸೂತ್ರವನ್ನು ನಾವು ಮುಂದಿಡುತ್ತಿಲ್ಲ. ನಮ್ಮ ಅಭಿಪ್ರಾಯದಲ್ಲಿ ಔಚಿತ್ಯದ ಕೇಳಿಕೆಗಳು ಮೂರು. ಮೊದಲನೆಯದಾಗಿ, ಭಯೋತ್ಪಾದನೆಗೆ ಕೊಟ್ಟಿರುವ ಪೂರ್ವಸಂಶಯದ ಹಕ್ಕನ್ನು ನಿತ್ಯದ ಅಪಾಯಗಳಿಗೂ ಕೊಡಬೇಕು. ಸಂಶಯವಿರುವ ಔಷಧದ ಬ್ಯಾಚು ನಿರ್ದೋಷವೆಂದು ಸಿದ್ಧವಾಗುವವರೆಗೆ ವಾರ್ಡನ್ನು ಪ್ರವೇಶಿಸಬಾರದು. ಎರಡನೆಯದಾಗಿ, ಪ್ರತಿಯೊಂದು ತಪ್ಪಿಸಬಹುದಾದ ಸಾವಿಗೂ ಪ್ರಕಟವಾದ ವಿಚಾರಣೆ ಇರಬೇಕು. ೨೦೨೪ರ ತಾಯಂದಿರ ಸಾವುಗಳ ಪರಿಶೀಲನೆ ಐದು ಸಾವುಗಳ ಕೂಗಿನಿಂದ ನಡೆದುದು. ಕೂಗಿಲ್ಲದ ವರ್ಷದಲ್ಲಿಯೂ ಅದು ನಡೆದು, ಜಿಲ್ಲೆ ಜಿಲ್ಲೆಯಾಗಿ ಜನರ ಮುಂದೆ ಬರಬೇಕು. ಮೂರನೆಯದಾಗಿ, ಮನುಷ್ಯರ ಮೇಲೆ ಬೀಳುವ ಸಂಶಯಕ್ಕೆ ಕಾಲದ ಮಿತಿಯೂ ತಪ್ಪಾದಾಗ ಪರಿಹಾರದ ಹೊಣೆಯೂ ಇರಬೇಕು.

ಇದರಲ್ಲಿ ವಿದ್ಯಾಸಂಸ್ಥೆಗಳ ಪಾಲು ಚಿಕ್ಕದಾದರೂ ಇಲ್ಲದೆ ಇಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳು ಈ ರಸ್ತೆಗಳಲ್ಲಿ ಓಡಾಡುವವರು, ಈ ಗದ್ದೆಗಳ ಮನೆಗಳವರು, ಈ ಆಸ್ಪತ್ರೆಗಳಲ್ಲಿ ಹುಟ್ಟಿದವರು. ತಮ್ಮ ಊರಿನಲ್ಲಿ ಒಂದು ವರ್ಷದಲ್ಲಿ ಆದ ಅಕಾಲಮರಣಗಳನ್ನು, ಊರಿನವರು ಹೇಳುವ ಕಾರಣವನ್ನೂ ಸರಕಾರಿ ಕಾಗದದಲ್ಲಿ ಬರೆದ ಕಾರಣವನ್ನೂ ಪಕ್ಕಪಕ್ಕದಲ್ಲಿಟ್ಟು, ಅವರು ಬರೆದುಕೊಂಡು ಬರಬಹುದು. ಜಾನಪದ ಗೀತೆಗಳನ್ನೂ ಶಾಸನಗಳನ್ನೂ ಸಂಗ್ರಹಿಸುವ ಶ್ರದ್ಧೆ ಈ ಸಂಗ್ರಹಕ್ಕೂ ಸಲ್ಲತಕ್ಕದ್ದು. ‘ಆಯುಷ್ಯ ಮುಗಿಯಿತು’ ಎಂದು ಬರೆದಿರುವ ಕಡೆಯಲ್ಲಿ ಅದು ಹೇಗೆ ಮುಗಿಯಿತೆಂದು ಕೇಳಿ ಬರೆಯುವ ಅಭ್ಯಾಸ ಒಂದು ತಲೆಮಾರಿಗೆ ಬಂದರೆ, ಯಾವುದಕ್ಕೆ ಎಷ್ಟು ಹೆದರಬೇಕೆಂಬ ಪ್ರಶ್ನೆಗೆ ಉತ್ತರ ಹೇಳುವ ಅರ್ಹತೆ ಆ ತಲೆಮಾರಿಗೆ ಬರುತ್ತದೆ.